ಡಂಗುರದಿಂದ ನೋಟಿಸಿನವರೆಗೆ: ಗ್ರಾಮ ಪಂಚಾಯಿತಿಯಲ್ಲಿ ತಳಸಮುದಾಯದ ಮಹಿಳೆಯರು

ಹಿಂದೆ ಹಳ್ಳಿಯಲ್ಲಿ ಪಂಚಾಯಿತಿ ಸೇರಬೇಕಾದರೆ ಮೊದಲು ಡಂಗುರ ಸಾರಬೇಕಿತ್ತು. ತಮಟೆ ಹಿಡಿದು ಕೇರಿ ಕೇರಿ ಸುತ್ತಿ, ಇಂಥ ಹೊತ್ತಿಗೆ ಎಲ್ಲರೂ ಅರಳಿಕಟ್ಟೆಗೆ ಬರತಕ್ಕದ್ದು ಎಂದು ಕೂಗಿ ಹೇಳುವ ಕೆಲಸ ಹೆಚ್ಚಿನ ಊರುಗಳಲ್ಲಿ ತೋಟಿಯದಾಗಿತ್ತು. ತೋಟಿತನ ದಲಿತ ಮನೆತನಗಳಿಗೆ ತಲೆಮಾರಿನಿಂದ ತಲೆಮಾರಿಗೆ ಬಂದ ಚಾಕರಿ. ಊರಿಗೆಲ್ಲ ಸಭೆಯ ಸುದ್ದಿ ಮುಟ್ಟಿಸಿದ ಮನುಷ್ಯನಿಗೆ ಆ ಸಭೆಯಲ್ಲಿ ಕೂರಲು ಜಾಗವಿರಲಿಲ್ಲ. ಅವನು ಕಟ್ಟೆಯ ಕೆಳಗೆ, ದೂರದಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ಅವನ ಹೆಂಡತಿಗೆ ಕಟ್ಟೆಯ ಕೆಳಗೂ ಜಾಗವಿರಲಿಲ್ಲ.

ಇಂದು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ನೋಟಿಸು ಹೊರಡುತ್ತದೆ. ಸಭೆ ಕರೆಯುವ ಅಧಿಕಾರ ಅಧ್ಯಕ್ಷರದು. ಆ ಅಧ್ಯಕ್ಷರು ಡಂಗುರ ಸಾರುತ್ತಿದ್ದ ಅದೇ ಮನೆತನದ ಹೆಣ್ಣುಮಗಳಾಗಿರಲು ಈಗ ಸಾಧ್ಯವಿದೆ. ನಮ್ಮ ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಹಾಗೆ ಆಗಿಯೂ ಇದೆ. ಈ ದಾರಿ ಹೇಗೆ ತೆರೆಯಿತು, ಯಾರು ತೆರೆದರು, ಅದರಲ್ಲಿ ನಡೆದವರು ಏನೇನು ಕಂಡರು ಎಂಬುದು ಈ ಲೇಖನದ ವಿಷಯ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಚರಿತ್ರೆಯ ಮುಖ್ಯ ಘಟ್ಟಗಳೆಲ್ಲ ಹೆಚ್ಚುಕಡಿಮೆ ನಮ್ಮ ಶಾಲೆಯ ಐವತ್ತು ವರ್ಷಗಳ ಒಳಗೇ ನಡೆದಿವೆ. ಒಂದು ಕಡೆ ಕಾನೂನು ಬಾಗಿಲು ತೆರೆಯುತ್ತಿದ್ದಾಗ, ಇನ್ನೊಂದು ಕಡೆ ಶಾಲೆ ಅಕ್ಷರ ಕಲಿಸುತ್ತಿತ್ತು. ಈ ಎರಡೂ ಕೂಡಿದಲ್ಲಿ ಅಧಿಕಾರ ನಿಜವಾಯಿತು. ಕೂಡದಿದ್ದಲ್ಲಿ ಅದು ಹೆಸರಿಗಷ್ಟೇ ಉಳಿಯಿತು.

ಹಳೆಯ ಊರು, ಹಳೆಯ ಅಧಿಕಾರ

ಹಳೆಯ ಊರಾಡಳಿತದಲ್ಲಿ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಎಲ್ಲರೂ ವಂಶಪಾರಂಪರ್ಯ ಹುದ್ದೆಯವರು. ಹುಟ್ಟಿದ ಮನೆಯೇ ಹುದ್ದೆಯನ್ನು ಗೊತ್ತುಮಾಡುತ್ತಿತ್ತು. ಕಂದಾಯದ ಲೆಕ್ಕ ಶಾನುಭೋಗರ ಕಡತದಲ್ಲಿ, ಊರಿನ ಹತೋಟಿ ಪಟೇಲರ ಕೈಯಲ್ಲಿ. ಕೂಗಿ ಕರೆಯುವುದು, ಸತ್ತ ದನ ಎತ್ತುವುದು, ಸರ್ಕಾರಿ ಅಧಿಕಾರಿ ಬಂದರೆ ಗಂಟು ಹೊರುವುದು ತೋಟಿಯ ಪಾಲು. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1961ರಲ್ಲಿ ಬಂದು, 1963ರಲ್ಲಿ ಜಾರಿಯಾದ ಮೇಲೆಯೇ ಈ ಪದ್ಧತಿ ಕಾನೂನಿನ ಮಟ್ಟಿಗೆ ಕೊನೆಗೊಂಡಿತು. ಜನರ ಮನಸ್ಸಿನಲ್ಲಿ ಅದು ಇನ್ನೂ ಬಹುಕಾಲ ಉಳಿಯಿತು.

ಮೈಸೂರು ಸಂಸ್ಥಾನವು ಪ್ರಜಾಪ್ರತಿನಿಧಿತ್ವದಲ್ಲಿ ಮುಂದಿತ್ತೆಂದು ನಾವು ಹೆಮ್ಮೆಪಡುತ್ತೇವೆ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂದಿತು. 1923ರ ಹೊತ್ತಿಗೆ ಮಹಿಳೆಯರಿಗೂ ಮತದ ಹಕ್ಕು ಒದಗಿತು. ಆದರೆ ಆ ಕಾಲದ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳ ಮೇಲೆ ನಿಂತಿತ್ತು. ಜಮೀನೂ ಇಲ್ಲದ, ಅಕ್ಷರವೂ ಇಲ್ಲದ ಕೂಲಿ ಹೆಣ್ಣುಮಗಳಿಗೆ ಆ ಹಕ್ಕಿನಿಂದ ಏನೂ ದಕ್ಕಲಿಲ್ಲ. ಅವಳು ಮೊದಲ ಸಲ ಮತ ಹಾಕಿದ್ದು ಸ್ವತಂತ್ರ ಭಾರತದ ಸಂವಿಧಾನ ಎಲ್ಲ ವಯಸ್ಕರಿಗೂ ಮತ ಕೊಟ್ಟ ಮೇಲೆ.

ಸಂವಿಧಾನ ಸಭೆಯಲ್ಲಿ ಗ್ರಾಮ ಪಂಚಾಯಿತಿಯ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಗಾಂಧೀಜಿಯವರ ದಾರಿಯವರು ಹಳ್ಳಿಯೇ ದೇಶದ ಬುನಾದಿಯಾಗಬೇಕೆಂದರು. ಡಾ. ಬಿ.ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರ ಭಾಷಣದಲ್ಲಿ ಹಳ್ಳಿಯ ಸಂಕುಚಿತತನ, ಅಜ್ಞಾನ, ಜಾತಿಭಾವನೆಗಳನ್ನು ಕಟುವಾಗಿ ಎತ್ತಿ ಹೇಳಿದರು. ಹಳ್ಳಿಯ ಕೈಗೇ ಅಧಿಕಾರ ಕೊಟ್ಟರೆ ಅದು ಬಲಿಷ್ಠರ ಕೈಗೆ ಹೋಗುತ್ತದೆ, ದುರ್ಬಲರು ಇನ್ನಷ್ಟು ಕುಗ್ಗುತ್ತಾರೆ ಎಂಬುದು ಅವರ ಭಯ. ಕೊನೆಗೆ ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂಬ ಆಶಯ 40ನೆಯ ವಿಧಿಯಾಗಿ, ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಸೇರಿತು. ಮುಂದಿನ ನಾಲ್ಕು ದಶಕಗಳ ಅನುಭವ ಅಂಬೇಡ್ಕರರ ಭಯ ಸುಳ್ಳಲ್ಲವೆಂದು ತೋರಿಸಿತು. ಆಮೇಲೆ ಬಂದ ಮೀಸಲಾತಿ ಆ ಭಯಕ್ಕೆ ಕೊಟ್ಟ ಉತ್ತರ ಎನ್ನಬಹುದು.

ಇಬ್ಬರು ಮಹಿಳೆಯರನ್ನು 'ಸೇರಿಸಿಕೊಳ್ಳುವ' ಕಾಲ

1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಪಂಚಾಯತ್ ರಾಜ್ ವ್ಯವಸ್ಥೆಯ ನಕ್ಷೆ ಕೊಟ್ಟಿತು. ಮಹಿಳೆಯರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯುಳ್ಳ ಇಬ್ಬರು ಮಹಿಳೆಯರನ್ನು ಸೇರಿಸಿಕೊಳ್ಳಬೇಕು ಎಂದಿತು. 'ಸೇರಿಸಿಕೊಳ್ಳುವುದು' ಎಂಬ ಮಾತನ್ನು ಗಮನಿಸಬೇಕು. ಚುನಾಯಿತರಾಗಿ ಬರುವುದು ಬೇರೆ, ಇದ್ದವರು ಕರೆದು ಕೂರಿಸುವುದು ಬೇರೆ. ಕರೆಯುವವರು ಯಾರನ್ನು ಕರೆದಾರು? ತಮ್ಮ ಮನೆಯ, ತಮ್ಮ ಬಳಗದ ಹೆಣ್ಣುಮಕ್ಕಳನ್ನು. 1978ರ ಅಶೋಕ್ ಮೆಹ್ತಾ ಸಮಿತಿಯೂ ಇಬ್ಬರು ಮಹಿಳೆಯರ ಮಾತಿಗಿಂತ ಬಹಳ ಮುಂದೆ ಹೋಗಲಿಲ್ಲ.

ನಮ್ಮ ರಾಜ್ಯದಲ್ಲಿ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆಯಡಿ ಪಂಚಾಯಿತಿಗಳು ನಡೆದವು. ಚೇರ್ಮನ್ನರು ಸಾಮಾನ್ಯವಾಗಿ ಊರಿನ ದೊಡ್ಡ ಹಿಡುವಳಿದಾರರು. ಪಟೇಲಿಕೆ ಕಾಗದದ ಮೇಲೆ ಹೋಗಿದ್ದರೂ ಪಟೇಲರ ಮನೆಗೆ ಚೇರ್ಮನ್‌ಗಿರಿ ಬಂದಿತ್ತು.

ಬದಲಾವಣೆಯ ಬೇರು ಬೇರೆ ಕಡೆಯಿಂದ ಇಳಿಯಿತು. ದೇವರಾಜ ಅರಸು ಅವರ ಕಾಲದಲ್ಲಿ, 1972ರಲ್ಲಿ ಹಾವನೂರು ಆಯೋಗ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ಅದುವರೆಗೆ ಲೆಕ್ಕಕ್ಕೇ ಬಾರದಿದ್ದ ಸಣ್ಣ ಸಣ್ಣ ಜಾತಿಗಳ ಹೆಸರುಗಳು ಸರ್ಕಾರದ ಪಟ್ಟಿಗೆ ಬಂದವು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು 'ಉಳುವವನೇ ಹೊಲದೊಡೆಯ' ಎಂಬ ಮಾತು ಹಳ್ಳಿಹಳ್ಳಿಯ ಬಾಯಿಗೆ ಬಂತು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಬರಿಯ ಕೂಲಿಕಾರರಿಗೆ, ಅಂದರೆ ಹೆಚ್ಚಿನ ದಲಿತರಿಗೆ, ಸಿಕ್ಕಿದ್ದು ಕಡಿಮೆ. ಆದರೂ ಧಣಿಯ ಎದುರು ಅರ್ಜಿ ಹಾಕಿ ಟ್ರಿಬ್ಯೂನಲ್ಲಿನ ಮುಂದೆ ನಿಲ್ಲಬಹುದು ಎಂಬ ಧೈರ್ಯ ಊರಿಗೆ ಹೊಸದು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ, ಪ್ರೊ. ಬಿ. ಕೃಷ್ಣಪ್ಪ ಮೊದಲಾದವರ ನೇತೃತ್ವದಲ್ಲಿ ಕೇರಿಗಳಿಗೆ ತಲುಪಿತು. ಆ ಸಭೆಗಳ ಅಂಚಿನಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕೇಳಿದ ಹೆಣ್ಣುಮಕ್ಕಳೂ ಇದ್ದರು.

1987: ಮೊದಲ ಬಾಗಿಲು

ಕರ್ನಾಟಕ ಇಡೀ ದೇಶಕ್ಕೆ ದಾರಿ ತೋರಿಸಿದ ಕೆಲಸಗಳಲ್ಲಿ 1983ರ ಪಂಚಾಯತ್ ಕಾಯಿದೆ ಒಂದು. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಕುಡಿಯುವ ನೀರನ್ನು ಹೇಗೋ ಹಾಗೆ ಅಧಿಕಾರವನ್ನೂ ಊರ ಬಾಗಿಲಿಗೆ ತರಬೇಕೆಂದು ಹೊರಟವರು ಅವರು. ಕಾಯಿದೆಗೆ ರಾಷ್ಟ್ರಪತಿಗಳ ಒಪ್ಪಿಗೆ 1985ರಲ್ಲಿ ದೊರೆತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸುಮಾರು 2,500 ಮಂಡಲ ಪಂಚಾಯಿತಿಗಳು, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು ಹುಟ್ಟಿಕೊಂಡವು.

ಈ ಕಾಯಿದೆ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಕನಿಷ್ಠ ಶೇ. 18. ಅದುವರೆಗೆ ಇಬ್ಬರನ್ನು 'ಸೇರಿಸಿಕೊಳ್ಳುತ್ತಿದ್ದ' ಕಡೆ ಒಮ್ಮೆಗೇ ಸುಮಾರು 14,000 ಮಹಿಳೆಯರು ಮಂಡಲ ಪಂಚಾಯಿತಿಗಳಿಗೆ ಚುನಾಯಿತರಾದರು. ದೇಶದಲ್ಲಿ ಅದುವರೆಗೆ ಎಲ್ಲೂ ಈ ಪ್ರಮಾಣದಲ್ಲಿ ಆಗಿರಲಿಲ್ಲ.

ಆದರೆ ಒಂದು ಕೊರತೆ ಉಳಿದಿತ್ತು. ಸದಸ್ಯ ಸ್ಥಾನಕ್ಕೆ ಮೀಸಲಾತಿ ಇತ್ತು, ಪ್ರಧಾನರ ಸ್ಥಾನಕ್ಕೆ ಇರಲಿಲ್ಲ. ಆದ್ದರಿಂದ ಮಹಿಳೆಯರು ಸಭೆಯೊಳಗೆ ಬಂದರು. ಸಭೆ ನಡೆಸುವ ಕುರ್ಚಿಗೆ ಬಂದವರು ತೀರ ವಿರಳ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರ ಹೊತ್ತಿಗೆ ಮಂಡಲಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು.

1993: ಕುರ್ಚಿಗೂ ಮೀಸಲಾತಿ

ಅಷ್ಟರಲ್ಲಿ ದೆಹಲಿಯಲ್ಲಿ ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಡುವ ಪ್ರಯತ್ನ ನಡೆದಿತ್ತು. ರಾಜೀವ್ ಗಾಂಧಿಯವರ ಸರ್ಕಾರ ತಂದ 64ನೆಯ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಪಿ.ವಿ. ನರಸಿಂಹ ರಾವ್ ಅವರ ಕಾಲದಲ್ಲಿ, 1992ರ ಡಿಸೆಂಬರಿನಲ್ಲಿ ಅಂಗೀಕಾರವಾದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದಾಗಿ ಕೆಲವೇ ದಿನಗಳಲ್ಲಿ, ಮೇ 10ರಂದು, ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ, 1993 ಜಾರಿಯಾಯಿತು. ಅದರಂತೆ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು.

ನಮ್ಮ ವಿಷಯಕ್ಕೆ ಬೇಕಾದದ್ದು ಸಂವಿಧಾನದ 243ಡಿ ವಿಧಿ. ಅದರಲ್ಲಿ ನಾಲ್ಕು ಮಾತುಗಳಿವೆ. ಒಂದು, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅವರ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ. ಎರಡು, ಆ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಅದೇ ಸಮುದಾಯದ ಮಹಿಳೆಯರಿಗೆ. ಮೂರು, ಒಟ್ಟು ಸ್ಥಾನಗಳಲ್ಲಿಯೂ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿಗೆ. ನಾಲ್ಕು, ಅಧ್ಯಕ್ಷ ಹುದ್ದೆಗಳಿಗೂ ಇದೇ ನಿಯಮ, ಸರದಿಯ ಮೇಲೆ. ಹಿಂದುಳಿದ ವರ್ಗಗಳ ವಿಷಯವನ್ನು ಸಂವಿಧಾನ ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕವು ಅವರಿಗೂ ಮೂರನೆಯ ಒಂದು ಭಾಗದಷ್ಟು ಸ್ಥಾನ ಕೊಟ್ಟು, 'ಅ' ಮತ್ತು 'ಬ' ಪ್ರವರ್ಗಗಳಾಗಿ ಹಂಚಿತು.

ಎರಡನೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಮಹಿಳೆಯರಿಗೆ ಎಂದಷ್ಟೇ ಹೇಳಿ ಬಿಟ್ಟಿದ್ದರೆ ಆ ಸ್ಥಾನಗಳು ಮೇಲ್ಜಾತಿಯ ಮನೆಗಳಿಗೆ ಹೋಗುತ್ತಿದ್ದವು. ಪರಿಶಿಷ್ಟರಿಗೆ ಎಂದಷ್ಟೇ ಹೇಳಿದ್ದರೆ ಗಂಡಸರಿಗೆ ಹೋಗುತ್ತಿದ್ದವು. ಜಾತಿಯಿಂದ ಒಮ್ಮೆ, ಹೆಣ್ಣೆಂದು ಇನ್ನೊಮ್ಮೆ ಹಿಂದೆ ಉಳಿದವಳನ್ನು ಕಾನೂನು ಆಗ ಬೇರೆಯಾಗಿ ಗುರುತಿಸಿತು.

1993ರ ಚುನಾವಣೆಯಲ್ಲಿ ಮೂರನೆಯ ಒಂದು ಭಾಗವಷ್ಟೇ ಅಲ್ಲದೆ ಶೇ. 40ಕ್ಕೂ ಹೆಚ್ಚು ಮಹಿಳೆಯರು ಆರಿಸಿಬಂದರು. ಇದು ಹೇಗಾಯಿತೆಂದು ನಮ್ಮ ವಿದ್ಯಾರ್ಥಿಗಳೂ ಲೆಕ್ಕ ಮಾಡಿ ನೋಡಬಹುದು. ಪರಿಶಿಷ್ಟ ಪಂಗಡದವರಿಲ್ಲದ ಒಂದು ಪಂಚಾಯಿತಿಯಲ್ಲಿ 20 ಸ್ಥಾನಗಳಿವೆ ಎಂದಿಟ್ಟುಕೊಳ್ಳಿ. ಪರಿಶಿಷ್ಟ ಜಾತಿಗೆ 4. ಅದರ ಮೂರನೆಯ ಒಂದು ಭಾಗ 1.33. 'ಕಡಿಮೆಯಿಲ್ಲದಂತೆ' ಎಂದಿರುವುದರಿಂದ 2 ಕೊಡಬೇಕು. ಹಿಂದುಳಿದ ವರ್ಗಕ್ಕೆ 7, ಅದರಲ್ಲಿ 3. ಉಳಿದ 9ರಲ್ಲಿ 3. ಒಟ್ಟು 8, ಅಂದರೆ ಶೇ. 40. ಮೊದಲ ಎರಡು ಗುಂಪುಗಳಲ್ಲಿ ಭಿನ್ನರಾಶಿ ಮೇಲಕ್ಕೆ ಏರಿದ್ದರಿಂದ ಮಹಿಳೆಯರ ಪಾಲು ಹೆಚ್ಚಿತು. ಸಾಮಾನ್ಯ ಸ್ಥಾನಗಳಲ್ಲಿ ಸ್ಪರ್ಧಿಸಿ ಗೆದ್ದವರು ಇದಕ್ಕೆ ಮತ್ತಷ್ಟು ಸೇರಿಸಿದರು.

ಸ್ಥಾನ ಸಿಕ್ಕಿತು, ಅಧಿಕಾರ?

1991ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಪರಿಶಿಷ್ಟ ಜಾತಿಯ ಮಹಿಳೆಯರಲ್ಲಿ ಓದುಬರಹ ಬಲ್ಲವರು ನಾಲ್ವರಲ್ಲಿ ಒಬ್ಬರಷ್ಟೇ. ಎರಡು ವರ್ಷಗಳ ನಂತರ ಅವರಲ್ಲಿ ಸಾವಿರಾರು ಮಂದಿ ಪಂಚಾಯಿತಿ ಸದಸ್ಯರಾದರು. ಹಲವರು ನಡವಳಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರು. ಒತ್ತಿದ ಪುಟದಲ್ಲಿ ಏನು ಬರೆದಿದೆ ಎಂದು ಅವರಿಗೆ ಓದಿ ಹೇಳುವವರು ಪ್ರತಿ ಊರಿನಲ್ಲೂ ಇರಲಿಲ್ಲ.

ಅಭ್ಯರ್ಥಿಯನ್ನು ಆರಿಸುವುದರಲ್ಲೇ ಮೊದಲ ತೊಡಕು. ನಮ್ಮ ಮೀಸಲು ಕ್ಷೇತ್ರಗಳಲ್ಲಿ ಅಭ್ಯರ್ಥಿ ಮಾತ್ರ ಆ ಸಮುದಾಯದವರು, ಮತದಾರರು ಊರಿನ ಎಲ್ಲರೂ. 1932ರ ಪುಣೆ ಒಪ್ಪಂದದಿಂದ ಬಂದ ಪದ್ಧತಿ ಇದು. ಕೇರಿಯ ಮತಗಳಷ್ಟರಿಂದಲೇ ಗೆಲ್ಲುವುದು ಕಷ್ಟವಾದ್ದರಿಂದ, ದೊಡ್ಡ ಹಿಡುವಳಿಯ ಮನೆಗಳ ಒಪ್ಪಿಗೆ ಬೇಕಾಗುತ್ತಿತ್ತು. ತಮ್ಮ ಹೊಲದ ಆಳಿನ ಹೆಂಡತಿಯನ್ನು ನಿಲ್ಲಿಸಿ, ಗೆದ್ದ ಮೇಲೆ ತಾವೇ ಆಳ್ವಿಕೆ ನಡೆಸಿದ ಉದಾಹರಣೆಗಳು ರಾಜ್ಯದ ಎಲ್ಲ ಭಾಗಗಳಿಂದ ವರದಿಯಾದವು. ಕೆಲವು ಊರುಗಳಲ್ಲಿ ದೇವಸ್ಥಾನಕ್ಕೆ ಹಣ ಕೊಡುವವರಿಗೆ ಸ್ಥಾನವನ್ನು ಹರಾಜು ಹಾಕಿ 'ಅವಿರೋಧ ಆಯ್ಕೆ' ಎಂದು ಹೇಳಿಕೊಂಡದ್ದೂ ಉಂಟು. 2020ರ ಚುನಾವಣೆಯಲ್ಲೂ ಇಂಥ ಸುದ್ದಿಗಳು ಬಂದವು. ಆದರೆ ಇದೇ ಪದ್ಧತಿಗೆ ಇನ್ನೊಂದು ಮುಖವೂ ಇದೆ. ಊರಿನವರ ಮತ ಅವಳಿಗೆ ಬೇಕಾದಂತೆ, ಅಧ್ಯಕ್ಷರ ಆಯ್ಕೆಯ ದಿನ ಅವಳ ಒಂದು ಮತ ಊರ ದೊಡ್ಡವರಿಗೂ ಬೇಕಾಗುತ್ತದೆ. ಹಿಂದೆ ಕೇರಿಗೆ ಕಾಲಿಡದವರು ಆ ಒಂದು ಮತಕ್ಕಾಗಿ ಕೇರಿಗೆ ಬಂದು, ಹೊರಗಿನ ಜಗಲಿಯಲ್ಲಾದರೂ ಕೂತು ಮಾತಾಡಬೇಕಾಯಿತು.

ಎರಡನೆಯ ತೊಡಕು ಕುರ್ಚಿ. ಇದು ಬರಿಯ ಉಪಮೆಯ ಮಾತಲ್ಲ, ಮರದ ಕುರ್ಚಿಯ ಮಾತೇ. 2020ರಲ್ಲಿ ನೆರೆಯ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಪಂಚಾಯಿತಿಯಲ್ಲಿ, ಉಳಿದವರೆಲ್ಲ ಕುರ್ಚಿಯಲ್ಲಿ ಕೂತಿರುವಾಗ ದಲಿತ ಅಧ್ಯಕ್ಷೆ ನೆಲದ ಮೇಲೆ ಕೂತಿದ್ದ ಚಿತ್ರ ದೇಶವೆಲ್ಲ ಹರಡಿತು. ದೌರ್ಜನ್ಯ ತಡೆ ಕಾಯಿದೆಯಡಿ ಕ್ರಮವಾಯಿತು. ನಮ್ಮಲ್ಲಿ ಇಂಥದ್ದು ಇಲ್ಲವೆಂದು ಎದೆ ತಟ್ಟಿ ಹೇಳುವ ಮೊದಲು ನಮ್ಮ ನಮ್ಮ ಊರಿನ ಹಳೆಯ ಸದಸ್ಯೆಯರನ್ನು ಕೇಳಿ ನೋಡುವುದು ಒಳ್ಳೆಯದು. ಕುಡಿಯಲು ಬೇರೆ ಲೋಟ, ಬಾಗಿಲ ಬಳಿಯ ಬೆಂಚು, 'ನೀನ್ ಸುಮ್ನಿರಮ್ಮ' ಎಂಬ ಏಕವಚನ ಯಾವ ಕಡತದಲ್ಲೂ ಸಿಗುವುದಿಲ್ಲ.

ಮೂರನೆಯದು ಮನೆಯೊಳಗಿನದು. ಹೆಂಡತಿ ಅಧ್ಯಕ್ಷೆ, ಆಡಳಿತ ಗಂಡನದು. ನಮ್ಮ ಕಡತಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಸೇರಿಸುವ ರೂಢಿಯಿದೆ. ಎಷ್ಟೋ ಪಂಚಾಯಿತಿಗಳಲ್ಲಿ ಆ 'ಕೋಂ'ನ ಆಚೆಗಿನ ಹೆಸರೇ ಅಧಿಕಾರ ನಡೆಸಿತು. ಜಾತಿಯ ಪ್ರಾಬಲ್ಯವನ್ನು ಮೀರಿ ಬಂದವಳು ಮನೆಯ ಹೊಸ್ತಿಲಲ್ಲಿ ಮತ್ತೆ ನಿಲ್ಲಬೇಕಾಯಿತು.

ನಾಲ್ಕನೆಯದು ಅವಿಶ್ವಾಸ ನಿರ್ಣಯ. ಹೇಳಿದಂತೆ ಸಹಿ ಹಾಕಿದರೆ ಒಳ್ಳೆಯ ಅಧ್ಯಕ್ಷೆ, ಬಿಲ್ಲು ತೋರಿಸಿ ಎಂದು ಕೇಳಿದರೆ ಆಡಳಿತ ಬಾರದವಳು. ಮೀಸಲಾತಿ ಕೊಟ್ಟ ಕುರ್ಚಿಯನ್ನು ಸದಸ್ಯರ ಸಂಖ್ಯಾಬಲದಿಂದ ಕಿತ್ತುಕೊಳ್ಳುವುದು ಹಲವೆಡೆ ನಡೆಯಿತು. 2024ರಲ್ಲಿ ಮಹಾರಾಷ್ಟ್ರದ ಮತ್ತು ಛತ್ತೀಸಗಢದ ಇಬ್ಬರು ಚುನಾಯಿತ ಮಹಿಳಾ ಸರಪಂಚರನ್ನು ಹುದ್ದೆಯಿಂದ ತೆಗೆದ ಎರಡು ಬೇರೆ ಬೇರೆ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಮಾಡಿ, ಗ್ರಾಮೀಣ ಮಹಿಳಾ ಪ್ರತಿನಿಧಿಗಳನ್ನು ಅಧಿಕಾರಿಗಳು ನಡೆಸಿಕೊಳ್ಳುವ ರೀತಿಯನ್ನು ಖಂಡಿಸಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಬಂದು, 2016ರ ಜನವರಿಯಿಂದ ಜಾರಿಯಾದ ತಿದ್ದುಪಡಿಯನ್ನು ಎಲ್ಲರೂ ತಿಳಿದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಪಂಚಾಯಿತಿ ಸದಸ್ಯರು ಅಥವಾ ಅಧ್ಯಕ್ಷರು ತಮ್ಮ ಕರ್ತವ್ಯ ಮಾಡದಂತೆ ಬೆದರಿಸುವುದು, ಅಡ್ಡಿಪಡಿಸುವುದು ಈಗ ಅಪರಾಧ.

ಕಲಿತದ್ದು, ಮಾಡಿದ್ದು

ತೊಡಕುಗಳನ್ನಷ್ಟೇ ಹೇಳಿ ನಿಲ್ಲಿಸಿದರೆ ಈ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತೆ. ಅವರು ಬೇಗ ಕಲಿತರು, ಗುಂಪಾಗಿ ಕಲಿತರು. 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮವು ಬೀದರ್, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ದಲಿತ, ಭೂಹೀನ ಮಹಿಳೆಯರ ಸಂಘಗಳನ್ನು ಕಟ್ಟಿತು. ಆ ಸಂಘಗಳ ಮಹಿಳೆಯರು ಪಂಚಾಯಿತಿ ಚುನಾವಣೆಗೂ ನಿಂತರು. ಒಂಟಿಯಾಗಿ ಗೆದ್ದವಳಿಗೂ, ಹಿಂದೆ ಇಪ್ಪತ್ತು ಮಂದಿಯ ಸಂಘವಿದ್ದು ಗೆದ್ದವಳಿಗೂ ವ್ಯತ್ಯಾಸವಿತ್ತು. ಮೊದಲನೆಯವಳನ್ನು ಸಭೆಯಲ್ಲಿ ಹೆದರಿಸಬಹುದಿತ್ತು. ಎರಡನೆಯವಳ ಜತೆ ಸಂಘವೇ ಪಂಚಾಯಿತಿ ಕಟ್ಟಡದ ಹೊರಗೆ ಕಾದು ಕೂರುತ್ತಿತ್ತು. 2000ದ ಹೊತ್ತಿಗೆ ಬಂದ ಸ್ತ್ರೀಶಕ್ತಿ ಸಂಘಗಳು ಲೆಕ್ಕಪುಸ್ತಕ ಬರೆಯುವುದನ್ನು, ಬ್ಯಾಂಕಿಗೆ ಹೋಗುವುದನ್ನು ಇನ್ನಷ್ಟು ಮಂದಿಗೆ ಕಲಿಸಿದವು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಸದಸ್ಯರಿಗೆ ತರಬೇತಿ ನೀಡಿತು. ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಲ್ಲಿ ಟಿ.ವಿ. ಮುಂದೆ ಕೂತು ಪಾಠ ಕೇಳಿ, ಅಲ್ಲಿಂದಲೇ ಪ್ರಶ್ನೆ ಕೇಳುವ ವ್ಯವಸ್ಥೆಯೂ ಬಂತು.

ಅಧಿಕಾರ ಸಿಕ್ಕಾಗ ಅವರು ಮಾಡಿದ್ದೇನು? ಆರ್ಥಿಕ ವಿದ್ವಾಂಸರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಪಂಚಾಯಿತಿಗಳನ್ನು ಅಭ್ಯಸಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಮೇಲೆ ಹೆಚ್ಚು ಕೆಲಸವಾಗಿತ್ತು. ಬಿಂದಿಗೆ ಹೊತ್ತವಳಿಗೆ ನೀರಿನ ದೂರ ಗೊತ್ತು, ಇದರಲ್ಲಿ ಆಶ್ಚರ್ಯವಿಲ್ಲ. ದಕ್ಷಿಣ ಭಾರತದ ಹಳ್ಳಿಗಳ ಅಧ್ಯಯನಗಳಲ್ಲಿ, ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದ ಕಡೆ ಮನೆ, ಶೌಚಾಲಯದಂಥ ಸೌಲಭ್ಯಗಳು ಪರಿಶಿಷ್ಟ ಕುಟುಂಬಗಳಿಗೆ ಹೆಚ್ಚು ತಲುಪಿದ್ದು ಕಂಡುಬಂತು. ಬೀದಿದೀಪ ಊರ ಮುಂದಿನ ವೃತ್ತದಲ್ಲೇ ನಿಲ್ಲದೆ ಕೇರಿಯ ಕೊನೆಯ ಕಂಬದವರೆಗೂ ಹೋಗಬೇಕಾದರೆ, ಆ ಕೊನೆಯ ಕಂಬದ ಕತ್ತಲೆ ಕಂಡವರು ಸಭೆಯಲ್ಲಿರಬೇಕು. ಉದ್ಯೋಗ ಖಾತ್ರಿ ಯೋಜನೆ ಬಂದ ಮೇಲೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಎಂಬ ನಿಯಮ ಪಂಚಾಯಿತಿಯ ಕೈಗೇ ಬಂತು. ಹೊಲದಲ್ಲಿ ಅರ್ಧ ಕೂಲಿಗೆ ದುಡಿದವಳು ಸಮಾನ ಕೂಲಿಯ ಪಟ್ಟಿಗೆ ಒಪ್ಪಿಗೆ ಕೊಡುವ ಸ್ಥಾನದಲ್ಲಿ ಕೂತಳು.

ಶಾಲೆಗೂ ಪಂಚಾಯಿತಿಗೂ ಇರುವ ನಂಟು

2015ರಲ್ಲಿ ಹರಿಯಾಣ ಸರ್ಕಾರ ಪಂಚಾಯಿತಿ ಚುನಾವಣೆಗೆ ನಿಲ್ಲಲು ಶಾಲಾ ವಿದ್ಯಾರ್ಹತೆ ಕಡ್ಡಾಯ ಮಾಡಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನ ಇಂಥದ್ದೇ ನಿಯಮ ತಂದು, 2019ರಲ್ಲಿ ಕೈಬಿಟ್ಟಿತು. ಕರ್ನಾಟಕದಲ್ಲಿ ಅಂಥ ನಿಯಮವಿಲ್ಲ. ಇರಕೂಡದೆಂಬುದೇ ಒಬ್ಬ ಶಿಕ್ಷಕನಾಗಿ ನನ್ನ ಅಭಿಪ್ರಾಯ. ಶಾಲೆಯ ಬಾಗಿಲನ್ನೇ ಯಾರಿಗೆ ತಡವಾಗಿ ತೆರೆದೆವೋ, ಅವರಿಗೆ ಅಂಕಪಟ್ಟಿ ತಂದು ತೋರಿಸು ಎನ್ನುವುದು ನ್ಯಾಯವಲ್ಲ. ಓದದವರಿಗೆ ಬುದ್ಧಿಯಿಲ್ಲವೆಂದೂ ಅಲ್ಲ. ಅಕ್ಷರ ಬಾರದ ಎಷ್ಟೋ ತಾಯಂದಿರು ಅಕ್ಷರ ಬಲ್ಲವರಿಗಿಂತ ನೇರವಾಗಿ ಪಂಚಾಯಿತಿ ನಡೆಸಿದ್ದಾರೆ.

ಆದರೆ ಅಕ್ಷರವಿದ್ದರೆ ಆಗುವ ಉಪಕಾರವನ್ನೂ ಮರೆಯುವಂತಿಲ್ಲ. ಪಂಚಾಯಿತಿಯ ಅಧಿಕಾರ ಭಾಷಣದಲ್ಲಿಲ್ಲ, ಕಾಗದದಲ್ಲಿದೆ. ನಡವಳಿ ಪುಸ್ತಕದ ಕೊನೆಯ ಸಾಲಿನ ಕೆಳಗೆ ಜಾಗ ಬಿಟ್ಟು ಸಹಿ ಪಡೆದು, ಆಮೇಲೆ ಆ ಜಾಗದಲ್ಲಿ ಇನ್ನೊಂದು ನಿರ್ಣಯ ತುಂಬುವುದು ಹಳೆಯ ಚಾಳಿ. ಓದಬಲ್ಲ ಅಧ್ಯಕ್ಷೆ ಖಾಲಿ ಜಾಗಕ್ಕೆ ಗೆರೆ ಎಳೆದು ಸಹಿ ಹಾಕುತ್ತಾಳೆ. ಅಷ್ಟೊಂದು ಸಣ್ಣ ಗೆರೆಯಿಂದ ಎಷ್ಟೋ ಸಾವಿರ ರೂಪಾಯಿ ಉಳಿಯುತ್ತದೆ. ಈಗ ಚೆಕ್ಕಿನ ಸಹಿಯ ಜಾಗಕ್ಕೆ ಡಿಜಿಟಲ್ ಸಹಿಯ ಕೀ ಬಂದಿದೆ. ಆ ಕೀ ಅಧ್ಯಕ್ಷೆಯ ಕೈಚೀಲದಲ್ಲಿದೆಯೋ ಬೇರೆಯವರ ಜೇಬಿನಲ್ಲಿದೆಯೋ ಎಂಬುದರ ಮೇಲೆ ಅಧಿಕಾರ ಯಾರದೆಂದು ತೀರ್ಮಾನವಾಗುತ್ತದೆ.

2011ರ ಜನಗಣತಿಯ ವೇಳೆಗೆ ರಾಜ್ಯದ ಪರಿಶಿಷ್ಟ ಜಾತಿಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಕ್ಷರಸ್ಥರಾಗಿದ್ದರು. ನಾಲ್ಕರಲ್ಲಿ ಒಂದರಿಂದ ಅರ್ಧಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಇದು ನಮ್ಮಂಥ ಸರ್ಕಾರಿ ಶಾಲೆಗಳು, ವಿದ್ಯಾರ್ಥಿನಿಲಯಗಳು, ಬಿಸಿಯೂಟ, 2006–07ರಿಂದ ಬಂದ ಸೈಕಲ್ಲು ಎಲ್ಲವೂ ಕೂಡಿ ಮಾಡಿದ ಕೆಲಸ.

ಇದರ ಪ್ರತಿಫಲ ಎರಡೂ ಕಡೆ ಹರಿಯುತ್ತದೆ. ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದನ್ನು ತೋರಿಸಿತು. ಎರಡು ಅವಧಿಗೆ ಮಹಿಳೆ ಪಂಚಾಯಿತಿ ಮುಖ್ಯಸ್ಥಳಾಗಿದ್ದ ಹಳ್ಳಿಗಳಲ್ಲಿ ತಂದೆತಾಯಂದಿರು ಹೆಣ್ಣುಮಕ್ಕಳ ಬಗ್ಗೆ ಇಟ್ಟುಕೊಂಡ ಆಸೆ ಹೆಚ್ಚಿತ್ತು. ಹುಡುಗ ಹುಡುಗಿಯರ ಓದಿನ ನಡುವಿನ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಸಮಯವೂ ಕಡಿಮೆಯಾಗಿತ್ತು. ಕುರ್ಚಿಯಲ್ಲಿ ಕೂತ ಹೆಂಗಸನ್ನು ದಿನವೂ ನೋಡುತ್ತ ಬೆಳೆದ ಹುಡುಗಿ ತಾನೂ ಓದಬೇಕೆಂದುಕೊಂಡಳು. ಶಾಲೆ ಪಂಚಾಯಿತಿಗೆ ಓದಿದವರನ್ನು ಕೊಟ್ಟರೆ, ಪಂಚಾಯಿತಿ ಶಾಲೆಗೆ ಓದುವ ಆಸೆಯನ್ನು ಕೊಡುತ್ತದೆ.

ಈಗಿನ ಸ್ಥಿತಿ, ಮುಂದಿನ ಕೆಲಸ

2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಕರ್ನಾಟಕದವರಾದ ಕೆ. ಕೃಷ್ಣಮೂರ್ತಿಯವರ ಹೆಸರಿನ ಪ್ರಕರಣದಲ್ಲಿ, ಪಂಚಾಯಿತಿಯ ಅಧ್ಯಕ್ಷ ಸ್ಥಾನಗಳ ಮೀಸಲಾತಿ ಸಂವಿಧಾನಬದ್ಧವೆಂದು ತೀರ್ಪಿತ್ತಿತು. ಅದೇ ವರ್ಷ ಕರ್ನಾಟಕ ಮಹಿಳೆಯರ ಪಾಲನ್ನು ಶೇ. 50ಕ್ಕೆ ಏರಿಸುವ ತಿದ್ದುಪಡಿ ತಂದಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಕೊಡುವ ಸಂವಿಧಾನ ತಿದ್ದುಪಡಿ ಆದದ್ದು 2023ರಲ್ಲಿ. ನಮ್ಮ ಮಂಡಲ ಪಂಚಾಯಿತಿಯ ಹೆಣ್ಣುಮಕ್ಕಳು 1987ರಲ್ಲೇ ಮೀಸಲು ಸ್ಥಾನದಲ್ಲಿ ಕೂತಿದ್ದರು. ಈ ಒಂದು ವಿಷಯದಲ್ಲಿ ಹಳ್ಳಿ ದೆಹಲಿಗಿಂತ ಮೂವತ್ತಾರು ವರ್ಷ ಮುಂದಿತ್ತು.

ಹಿನ್ನಡೆಗಳೂ ಇವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳೇ ಉರುಳಿದರೂ ಚುನಾವಣೆಯಾಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಳಗಿದ ಹೆಣ್ಣುಮಗಳು ಹತ್ತಬೇಕಾದ ಮುಂದಿನ ಮೆಟ್ಟಿಲೇ ಇಲ್ಲವಾಗಿದೆ. ಅಧ್ಯಕ್ಷರ ಅವಧಿ 30 ತಿಂಗಳು. ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ, ಸರದಿ ಬದಲಾಗುತ್ತದೆ. ಮೀಸಲು ಹೋದ ಮೇಲೂ ಸಾಮಾನ್ಯ ಸ್ಥಾನದಿಂದ ಗೆದ್ದು ಬಂದ ತಳಸಮುದಾಯದ ಮಹಿಳೆಯರು ಇದ್ದಾರೆ, ಆದರೆ ಕಡಿಮೆ. ಆ ಸಂಖ್ಯೆ ಹೆಚ್ಚಿದ ದಿನ ಈ ಚರಿತ್ರೆ ಇನ್ನೊಂದು ಘಟ್ಟ ಮುಟ್ಟುತ್ತದೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಮೂರು ಸಣ್ಣ ಕೆಲಸಗಳನ್ನು ಊರಿನವರ ಮುಂದಿಡುತ್ತೇನೆ. ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆ, ಅದರಂತೆಯೇ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ವ್ಯವಸ್ಥೆ ನಮ್ಮಲ್ಲಿದೆ. ಅವು ಫೋಟೋಗೆ ಮಾತ್ರ ಆಗದಂತೆ ಹಳೆಯ ವಿದ್ಯಾರ್ಥಿಗಳು ನೋಡಿಕೊಳ್ಳಲಿ. ನಮ್ಮ ಹತ್ತನೆಯ ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಪಂಚಾಯಿತಿ ಕಚೇರಿಗೆ ಹೋಗಿ ನಡವಳಿ ಪುಸ್ತಕ, ಜಮಾಬಂದಿ ಎಂದರೇನೆಂದು ಕಣ್ಣಾರೆ ನೋಡಿ ಬರಲಿ. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯಿಲ್ಲ. ಮೂರನೆಯದು ತುರ್ತಿನದು. 1987ರಲ್ಲಿ, 1993ರಲ್ಲಿ ಆರಿಸಿಬಂದ ಮೊದಲ ತಲೆಮಾರಿನ ಸದಸ್ಯೆಯರಿಗೆ ಈಗ ವಯಸ್ಸಾಗಿದೆ. ಅವರು ಏನು ಕಂಡರು, ಎಲ್ಲಿ ಕೂತರು, ಯಾವ ಮಾತಿಗೆ ಎದ್ದು ನಿಂತರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ. ಬರೆಯುವಾಗ 'ಕೋಂ' ಬಿಟ್ಟು ಅವರ ಹೆಸರನ್ನೇ ಮೊದಲು ಬರೆಯಲಿ. ಶಾಲೆಯ ಗ್ರಂಥಾಲಯದಲ್ಲಿ ಆ ಪುಸ್ತಕಕ್ಕೆ ಒಂದು ಜಾಗ ಖಾಲಿ ಇಡೋಣ.